ಅರ್ಧ ಖಾಲಿ ವ್ಯಾಗನ್ನಿನ ಲೆಕ್ಕ

ಹೊಸಪೇಟೆ, ತೋರಣಗಲ್ಲು ಕಡೆ ಓಡಾಡುವವರು ಅದಿರು ಹೊತ್ತ ಗೂಡ್ಸ್ ರೈಲುಗಳನ್ನು ನೋಡಿರುತ್ತೀರಿ. ಮೇಲ್ಸೇತುವೆಯಿಂದ ಇಣುಕಿದರೆ ಒಂದು ವಿಚಿತ್ರ ಕಾಣುತ್ತದೆ. ಎತ್ತರದ ಗೋಡೆಗಳ ಆ ವ್ಯಾಗನ್‌ಗಳಲ್ಲಿ ಅದಿರು ಅರ್ಧದಷ್ಟೂ ಇರುವುದಿಲ್ಲ. ಅಂಥದೇ ವ್ಯಾಗನ್ ಕಲ್ಲಿದ್ದಲು ತಂದಾಗ ಮಾತ್ರ ಅಂಚಿನವರೆಗೂ ತುಂಬಿರುತ್ತದೆ. ಇಷ್ಟು ಜಾಗ ಖಾಲಿ ಬಿಡುವುದೇಕೆ?

ಉತ್ತರ ಇರುವುದು ಗಾಲಿಗಳ ಕೆಳಗೆ. ಎರಡು ಗಾಲಿಗಳನ್ನು ಜೋಡಿಸುವ ಅಚ್ಚು, ಅಂದರೆ ಆ್ಯಕ್ಸಲ್, ಎಷ್ಟು ಭಾರ ಹೊರಬಹುದು ಎನ್ನುವುದಕ್ಕೆ ಹಳಿಗಳೂ ಸೇತುವೆಗಳೂ ಮಿತಿ ಹಾಕುತ್ತವೆ. ಈ ಎತ್ತರದ, ತೆರೆದ ವ್ಯಾಗನ್ನಿನ ಹೆಸರು ಬಾಕ್ಸ್‌ಎನ್. ಅದರ ಮೂಲ ವಿನ್ಯಾಸದಲ್ಲಿ ಒಂದು ಅಚ್ಚಿಗೆ 20.32 ಟನ್. ಅಚ್ಚುಗಳು ನಾಲ್ಕು, ಒಟ್ಟು 81.28 ಟನ್. ಅದರಲ್ಲಿ ಖಾಲಿ ವ್ಯಾಗನ್ನಿನ ತೂಕವೇ ಸುಮಾರು 22.5 ಟನ್. ಸರಕಿಗೆ ಉಳಿಯುವುದು ಸುಮಾರು 58.8 ಟನ್. ಹಗುರವಾದ ಕಲ್ಲಿದ್ದಲಿಗೆ ಗೋಡೆಯ ಎತ್ತರವೆಲ್ಲ ಬೇಕು. ಅದಿರಿನ ತೂಕದ ಮಿತಿ ಮಾತ್ರ ಅರ್ಧ ತುಂಬುವ ಮೊದಲೇ ಮುಗಿದಿರುತ್ತದೆ.

ಹಾಗಾದರೆ ವ್ಯಾಗನ್ನನ್ನೇ ತೆಳ್ಳಗೆ ಮಾಡಿ, ಉಳಿಸಿದ ತೂಕಕ್ಕೆ ಸರಕು ತುಂಬಬಹುದಲ್ಲ? ಎಂಜಿನಿಯರುಗಳ ತಲೆನೋವು ಶುರುವಾಗುವುದೇ ಇಲ್ಲಿ.

ವ್ಯಾಗನ್ನಿಗೂ ಒಂದು ಬೆನ್ನುಮೂಳೆ ಇದೆ. ನೆಲದ ಕೆಳಗೆ, ನಟ್ಟನಡುವೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಗುವ ದಪ್ಪ ಉಕ್ಕಿನ ತೊಲೆ ಅದು. ಇಂಗ್ಲಿಷಿನ ಜೆಡ್ ಅಕ್ಷರದ ಆಕಾರದ ಎರಡು ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಎದುರುಬದುರು ಇಟ್ಟು ಬೆಸೆದಿರುತ್ತಾರೆ. ನೆಲದ ಮೇಲಿನ ಭಾರ ಅಡ್ಡತೊಲೆಗಳ ಮೂಲಕ ಈ ಬೆನ್ನುಮೂಳೆಗೆ ಬರುತ್ತದೆ. ಅಲ್ಲಿಂದ ಎರಡೂ ತುದಿಗಳ ಹತ್ತಿರವಿರುವ ಬಟ್ಟಲಿನಂಥ ಆಧಾರಕ್ಕೆ, ಆಮೇಲೆ ಬೋಗಿಗೆ, ಸ್ಪ್ರಿಂಗುಗಳಿಗೆ, ಗಾಲಿಗಳಿಗೆ. (ನಾವು ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗಿರುವ ಗಾಲಿಗಳ ಚೌಕಟ್ಟು.) ತಿರುವಿನಲ್ಲಿ ಆ ಬಟ್ಟಲಿನ ಕೆಳಗೆ ಬೋಗಿ ತಿರುಗಿಕೊಳ್ಳುತ್ತದೆ.

ಭಾರ ಹೊರುವುದು ಅರ್ಧ ಕೆಲಸವಷ್ಟೇ. ಇಂಥ 58 ವ್ಯಾಗನ್‌ಗಳ ರೈಲನ್ನು ಎಂಜಿನ್ ಎಳೆಯುವಾಗ, ಮೊದಲ ವ್ಯಾಗನ್ನಿನ ಬೆನ್ನುಮೂಳೆ ತನ್ನ ಹಿಂದಿನ 57 ವ್ಯಾಗನ್‌ಗಳ ಎಳೆತವನ್ನು ತಡೆಯಬೇಕು. ಕೊನೆಯದಕ್ಕೆ ಅಂಥ ಕಷ್ಟವಿಲ್ಲ. ಆದರೆ ಇವತ್ತು ಕೊನೆಯಲ್ಲಿದ್ದದ್ದು ನಾಳೆ ಎಂಜಿನ್ನಿನ ಹಿಂದೆಯೇ ನಿಲ್ಲಬಹುದು! ಹಾಗಾಗಿ ಪ್ರತಿಯೊಂದು ವ್ಯಾಗನ್ನನ್ನೂ ಮೊದಲನೆಯದೆಂದೇ ತಿಳಿದು ಕಟ್ಟಬೇಕು. ಬ್ರೇಕ್ ಹಾಕಿದಾಗ ಹಿಂದಿನವು ಬಂದು ಮುಂದಿನವನ್ನು ತಳ್ಳುತ್ತವೆ. ಅದೇ ತೊಲೆ ಈಗ ಒತ್ತಡ ತಾಳಬೇಕು. ಗೂಡ್ಸ್ ರೈಲು ಹೊರಡುವಾಗ ಒಂದರ ಹಿಂದೊಂದು ಧಡ್ ಧಡ್ ಎಂದು ಕೇಳುವ ಸದ್ದು ಕೊಂಡಿಗಳು ಬಿಗಿಯುವ ಸದ್ದು. ಆ ಹೊಡೆತ ನೇರವಾಗಿ ತೊಲೆಗೆ ಬಡಿಯದಂತೆ ಕೊಂಡಿಯ ಹಿಂದೆ ಆಘಾತ ನುಂಗುವ ಸಾಧನವನ್ನು ಕೂರಿಸಿರುತ್ತಾರೆ.

ಗೋಡೆಗಳ ಪಾಡು ಬೇರೆ. ಒಳಗಿನ ಕಲ್ಲಿದ್ದಲು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಅದಕ್ಕೇ ಹೊರಗಡೆ ಸಾಲಾಗಿ ನಿಲುವು ಪಟ್ಟಿಗಳು, ಮೇಲಂಚಿಗೆ ದಪ್ಪ ಪಟ್ಟಿ. ಇಳಿಸುವ ಜಾಗದಲ್ಲಿ ದೈತ್ಯ ಯಂತ್ರವೊಂದು ವ್ಯಾಗನ್ನನ್ನು ಹಿಡಿದು, ಬುಟ್ಟಿ ಮಗುಚಿದಂತೆ ಮಗುಚಿ ಸುರಿಯುತ್ತದೆ.

ತೆಳ್ಳಗೆ ಮಾಡುವುದಕ್ಕೆ ದೊಡ್ಡ ಅಡ್ಡಿ ತುಕ್ಕು. ಕಲ್ಲಿದ್ದಲಿನ ಗಂಧಕ ಮಳೆನೀರಿಗೆ ಸೇರಿದರೆ ಆಮ್ಲವಾಗಿ ಉಕ್ಕಿನ ಹಾಳೆಯನ್ನು ತಿನ್ನುತ್ತದೆ. ತಿಂದು ಹೋದರೂ ಗಟ್ಟಿ ಉಳಿಯಲೆಂದು ಹಾಳೆಯನ್ನು ಮೊದಲೇ ದಪ್ಪ ಇಟ್ಟರೆ ತೂಕ ಏರುತ್ತದೆ. ಬಾಕ್ಸ್‌ಎನ್‌ಎಚ್‌ಎಲ್ ಎಂಬ ಮುಂದಿನ ಮಾದರಿಯಲ್ಲಿ ಇದಕ್ಕೆ ದಾರಿ ಸಿಕ್ಕಿತು: ಡಬ್ಬಿಗೆ ತುಕ್ಕು ಸುಲಭವಾಗಿ ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಖಾಲಿ ತೂಕ ಸುಮಾರು 20.6 ಟನ್ನಿಗೆ ಇಳಿಯಿತು. ಒಂದು ವ್ಯಾಗನ್ನಿಗೆ ಎರಡು ಟನ್ ಉಳಿತಾಯ ಕಡಿಮೆ ಎನಿಸಬಹುದು. 58 ವ್ಯಾಗನ್‌ಗಳ ರೈಲಿಗೆ ಅದು ನೂರು ಟನ್ ದಾಟುತ್ತದೆ.

ಖಾಲಿ ತೂಕ, ಹೊರಬಹುದಾದ ತೂಕ ಎರಡನ್ನೂ ವ್ಯಾಗನ್ನಿನ ಮೈಮೇಲೆ ಬರೆದಿರುತ್ತಾರೆ. ನಿಲ್ದಾಣದಲ್ಲಿ ಗೂಡ್ಸ್ ನಿಂತಿದ್ದರೆ ಪ್ಲಾಟ್‌ಫಾರ್ಮಿನಿಂದಲೇ ಓದಿ, ಎರಡನ್ನೂ ಕೂಡಿ, ನಾಲ್ಕರಿಂದ ಭಾಗಿಸಿ ನೋಡಿ. ಒಂದೊಂದು ಅಚ್ಚಿನ ಕೆಳಗೆ ಹಳಿ ಹೊರುವ ಭಾರ ಸಿಗುತ್ತದೆ.