ಅಟ್ಟದ ಕೊಬ್ಬರಿಯೂ ಸ್ಥೂಲರೋಗಿಯ ಆಹಾರವೂ

ಸಂಪಿಗೆ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆಕೊಬ್ಬರಿ ಮಾಡುವುದನ್ನು ನಾವು ಬಲ್ಲೆವು. ಅದರಲ್ಲಿ ಎಣ್ಣೆ ಶೇಕಡ 60ಕ್ಕೂ ಮಿಗಿಲು. ಸಸಾರಜನಕ, ಎಂದರೆ ಪ್ರೋಟೀನು, ಶೇಕಡ 7ರಷ್ಟು ಮಾತ್ರ. ಸ್ಥೂಲದೇಹವೂ ಅಂತಹುದೇ ಒಂದು ಅಟ್ಟ. ಅಲ್ಲಿ ಕೊಬ್ಬು ತುಂಬಿದೆ. ಪ್ರೋಟೀನಿಗೆ ಮಾತ್ರ ಪ್ರತ್ಯೇಕ ಉಗ್ರಾಣವಿಲ್ಲ.

ಇಂತಹವರು ತೀವ್ರ ನಿಗಾ ಘಟಕವನ್ನು ಸೇರಿದಾಗ, ‘ಮೈಯಲ್ಲಿ ಬೇಕಾದಷ್ಟಿದೆ, ನಾಲ್ಕು ದಿನ ಉಪವಾಸವಿದ್ದರೇನು?’ ಎನ್ನಿಸುವುದು ಸಹಜ. ಆದರೆ ಕೊಬ್ಬಿನಲ್ಲಿ ಸಾರಜನಕವಿಲ್ಲ. ಅದರಿಂದ ಪ್ರೋಟೀನು ಹುಟ್ಟಲಾರದು. ಗಾಯ ಮಾಯಲು, ಸೋಂಕನ್ನೆದುರಿಸಲು ಬೇಕಾದ ಅಮೈನೋ ಆಮ್ಲಗಳಿಗಾಗಿ ದೇಹವು ತನ್ನ ಸ್ನಾಯುಗಳನ್ನೇ ಕರಗಿಸುತ್ತದೆ. ಉಸಿರಾಟದ ಸ್ನಾಯುಗಳೂ ಸೊರಗುತ್ತವೆ.

ಆದುದರಿಂದ 2016ರ ಅಮೆರಿಕದ ವೈದ್ಯಕೀಯ ಮಾರ್ಗಸೂಚಿಯು ಇವರಿಗೆ ಕ್ಯಾಲೊರಿ ಮಿತವಾಗಿಯೂ ಪ್ರೋಟೀನು ಸಮೃದ್ಧವಾಗಿಯೂ ಇರಬೇಕೆಂದಿತು: ಆದರ್ಶ ತೂಕದ ಕಿಲೋಗ್ರಾಂ ಒಂದಕ್ಕೆ ದಿನವೂ ಸುಮಾರು 2 ಗ್ರಾಂ. 100 ಕಿಲೋಗ್ರಾಂ ತೂಗುವವರ ಆದರ್ಶ ತೂಕ 55 ಆದರೆ, 110 ಗ್ರಾಂ.

ಹೆಚ್ಚಿದಷ್ಟೂ ಒಳಿತೆ? 2023ರಲ್ಲಿ ಪ್ರಕಟವಾದ, ತೀವ್ರವಾಗಿ ಅಸ್ವಸ್ಥರಾದ ಸುಮಾರು 1300 ಮಂದಿಯ ಪರೀಕ್ಷೆಯಲ್ಲಿ ಅಧಿಕ ಪ್ರೋಟೀನಿನಿಂದ ಲಾಭ ಕಾಣಲಿಲ್ಲ. ಮೂತ್ರಪಿಂಡ ಕೆಟ್ಟವರಿಗೆ ಹಾನಿಯ ಸೂಚನೆಯೂ ಇತ್ತು. ಅಳತೆಯನ್ನು ವೈದ್ಯರು ರೋಗಿಯನ್ನು ನೋಡಿಯೇ ನಿರ್ಧರಿಸಬೇಕು. ದಪ್ಪ ಮೈಯವರಿಗೆ ಹಸಿವೆಯ ಭಯವಿಲ್ಲವೆಂಬ ಎಣಿಕೆಯನ್ನಂತೂ ನಾವು ಬಿಡಬೇಕು.