9ನೇ ಕಾಲಂನಲ್ಲಿ ಒಂದು ಒಕ್ಕ

ಕೊಡಗಿನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬಂದೊಡನೆ ಜಮ್ಮಾ ಹಿಡುವಳಿಯವರು ನೋಡುವುದು ಮಾಲೀಕರ ಹೆಸರಿರುವ 9ನೇ ಕಾಲಂ. ಎಷ್ಟೋ ಪಹಣಿಗಳ ಆ ಕಾಲಂನಲ್ಲಿ ಇರುವುದು ಎಂದೋ ತೀರಿಕೊಂಡ ಪಟ್ಟೇದಾರರ ಹೆಸರು. ಕಾಫಿ ಬೆಳೆಯುತ್ತಿರುವ ಮೊಮ್ಮಕ್ಕಳು ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಕಷ್ಟ ಶುರುವಾಗುತ್ತದೆ.

ಪಟ್ಟೇದಾರನ ಈ ಹೆಸರಿನ ಬೇರು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿದೆ. ಸೈನಿಕ ಸೇವೆಗೆ ಪ್ರತಿಯಾಗಿ ಜಮ್ಮಾ ಭೂಮಿ ವಂಶಪಾರಂಪರ್ಯವಾಗಿ ಸಿಗುತ್ತಿತ್ತು. ಅದಕ್ಕೆ ಅರ್ಧ ಕಂದಾಯ. ಗದ್ದೆಗೆ ಹೊಂದಿಕೊಂಡ ಕಾಡುಭೂಮಿಯಾದ ಬಾಣೆಯಿಂದ ಸೌದೆ, ಸೊಪ್ಪು, ಮೇವು. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ ಭೂಮಿಯನ್ನು ಅಳೆಸಿ ಬರೆಸಿದ ಲೆಕ್ಕ 'ಲಿಂಗರಾಜನ ಶಿಸ್ತು' ಎಂದೇ ಹೆಸರಾಯಿತು. ಭೂಮಿ ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಕುಟುಂಬದ್ದು. ಪಟ್ಟೇದಾರ ಅದರ ಪರವಾಗಿ ಕಂದಾಯ ಕಟ್ಟುವವನು. ಉಳಿದ ಪಾಲುದಾರರು ಯಾರೆಂದು ಒಕ್ಕದ ಮೂಲಮನೆಯಾದ ಐನ್‌ಮನೆಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. 1834ರಲ್ಲಿ ಬಂದ ಬ್ರಿಟಿಷರೂ ಜಮ್ಮಾ ಪದ್ಧತಿಯನ್ನು ಉಳಿಸಿಕೊಂಡರು.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಹಣಿಗಾಗಿ ಗ್ರಾಮ ಲೆಕ್ಕಿಗರ ಬೆನ್ನು ಹತ್ತುವುದು ತಪ್ಪಿತು. 15 ರೂಪಾಯಿಗೆ ಕೌಂಟರಿನಲ್ಲೇ ಸಿಕ್ಕಿತು. ಅಲ್ಲಿ ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಟ್ಟರು. ತನ್ನ ದಾಖಲೆ ಹೇಗಿದೆ ಎಂದು ರೈತ ಅಲ್ಲೇ ನೋಡಬಹುದಿತ್ತು. ಇದನ್ನು ಯೋಚಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಕೈಬರಹ ಹೋದರೂ ನಮೂನೆ ಹಾಗೇ ಉಳಿಯಿತು. ಒಕ್ಕದ ಭೂಮಿಯನ್ನು ಒಕ್ಕದ್ದೆಂದೇ ಕಾಣಿಸುವ ಕಾಲಂ ಅದರಲ್ಲಿ ಇರಲಿಲ್ಲ. ಊರಿನ ನೆನಪು ಕಂಪ್ಯೂಟರಿಗೆ ಹೋಗಲಿಲ್ಲ, ಪಟ್ಟೇದಾರನ ಹೆಸರು ಹೋಯಿತು. ಹೆಸರು ಬದಲಿಸಬೇಕೆಂದರೆ ಬೆಂಗಳೂರು, ಮುಂಬೈ ಸೇರಿದ ದಾಯಾದಿಗಳ ಸಹಿಯನ್ನೂ ತರಬೇಕು.

ಇಲ್ಲಿ ಕೊರತೆಯಾದದ್ದು ಏನೆಂದು ತಿಳಿಯಲು ಒಂದು ಏಣಿ ನೆರವಾಗುತ್ತದೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲಿನ ಏಣಿಯನ್ನು ಚಿತ್ರಿಸಿದರು. ಮಾಹಿತಿ ಕೊಡುವುದು ಅದರಲ್ಲಿ 3ನೆಯದು, ಅಭಿಪ್ರಾಯ ಕೇಳುವುದು 4ನೆಯದು, ಜೊತೆಗೂಡಿ ತೀರ್ಮಾನಿಸುವುದು 6ನೆಯದು. ಕೌಂಟರಿನ ಆ ಪರದೆ ನಮ್ಮನ್ನು 3ನೇ ಮೆಟ್ಟಿಲಿಗೆ ಹತ್ತಿಸಿತು. ದಾಖಲೆಯನ್ನು ನೋಡುವ ಹಕ್ಕು ಸಿಕ್ಕಿತು. ಯಾವ ಕಾಲಂ ಇರಬೇಕು, ಅದರಲ್ಲಿ ಏನು ಬರೆಯಬೇಕು ಎಂದು ಹೇಳುವ ಹಕ್ಕು ಸಿಗಲಿಲ್ಲ. ಜಮ್ಮಾ ಬಾಣೆಯ ಒಡೆತನದ ಗೊಂದಲ ಬಿಡಿಸಲು ಕಡೆಗೆ ಭೂಕಂದಾಯ ಕಾಯ್ದೆಯನ್ನೇ ತಿದ್ದಬೇಕಾಯಿತು.

ನಿಮ್ಮ ಒಕ್ಕದ ಪಹಣಿಯನ್ನು ಈ ವಾರವೇ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಯಾರಿದ್ದಾರೆ, ಯಾರಿಲ್ಲ, ಹೆಣ್ಣುಮಕ್ಕಳ ಹೆಸರು ಬಂದಿದೆಯೇ ಎಂದು ಬರೆದುಕೊಳ್ಳಿ. ಆ ಚೀಟಿಯನ್ನು ಮುಂದಿನ ಗ್ರಾಮಸಭೆಗೆ ತನ್ನಿ.