ಸಾಲಿನ ಆರಂಭದ ‘ಫ್ರಮ್’ ಮತ್ತು ಹಳೆಯ ಮೇಲ್‌ಗಳು

ಗೂಗಲ್ ಟೇಕ್‌ಔಟ್‌ನಲ್ಲಿ ನಿಮ್ಮ ಜಿಮೇಲ್‌ನ ಪ್ರತಿ ಕೇಳಿದರೆ ಕೈಗೆ ಬರುವುದು ‘ಎಂಬಾಕ್ಸ್’ ಮಾದರಿಯ ಫೈಲು. ವರ್ಷಗಟ್ಟಲೆ ಬಂದ ಪತ್ರಗಳೆಲ್ಲ ಅದರೊಳಗೆ ಒಂದರ ಬಾಲಕ್ಕೊಂದು ಅಂಟಿಕೊಂಡಿರುತ್ತವೆ. ಇದು 1970ರ ದಶಕದ ಯೂನಿಕ್ಸ್ ಕಂಪ್ಯೂಟರುಗಳಿಂದ ಬಂದ ಪದ್ಧತಿ. ಒಂದು ಪತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯಲು ತಂತ್ರಾಂಶಕ್ಕಿರುವ ಮುಖ್ಯ ಸುಳಿವು ಒಂದೇ: ಸಾಲಿನ ಆರಂಭದಲ್ಲಿ ಇಂಗ್ಲಿಷಿನ ‘ಫ್ರಮ್’ ಪದ, ಅದರ ನಂತರವೇ ಒಂದು ಖಾಲಿ ಜಾಗ.

ತೊಡಕು ಇರುವುದೂ ಇಲ್ಲೇ. ಯಾರೋ ಊರಿಗೆ ಬರುವ ದಾರಿ ಬರೆಯುತ್ತಾ, ‘ಫ್ರಮ್ ಮೈಸೂರು’ ಎಂದು ಇಂಗ್ಲಿಷಿನಲ್ಲಿ ಹೊಸ ಸಾಲು ಆರಂಭಿಸಿದರು ಎನ್ನಿ. ಓದುವ ತಂತ್ರಾಂಶ ಅಲ್ಲಿಂದ ಬೇರೆ ಪತ್ರವೇ ಶುರುವಾಯಿತೆಂದು ತಿಳಿದು, ಒಂದನ್ನು ಎರಡಾಗಿ ಕಡಿದುಬಿಡಬಹುದು. ಇದನ್ನು ತಪ್ಪಿಸಲು ಅಂಥ ಸಾಲಿನ ಮುಂದೆ ‘>’ ಗುರುತು ಹಾಕಿ ಉಳಿಸುವ ರೂಢಿ ಬಂತು. ಆದರೆ ಓದುವಾಗ ಆ ಗುರುತನ್ನು ತೆಗೆಯಬೇಕೋ ಬೇಡವೋ? ಬರೆದವರೇ ಅದನ್ನು ಹಾಕಿದ್ದರೆ? ಹಳೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರವಿಲ್ಲ. ಆಮೇಲೆ ಬಂದ ಇನ್ನೊಂದು ಪದ್ಧತಿ, ಮೊದಲೇ ಗುರುತಿದ್ದ ಇಂಥ ಸಾಲಿಗೂ ಒಂದು ಹೆಚ್ಚಿಗೆ ಸೇರಿಸುತ್ತದೆ. ಹಾಗಾಗಿ ವಾಪಸ್ ಬರುವಾಗ ಒಂದನ್ನು ತೆಗೆದರೆ ಲೆಕ್ಕ ಚುಕ್ತಾ. ಆದರೆ ಯಾವ ಪದ್ಧತಿಯಲ್ಲಿ ಬರೆದದ್ದು ಎಂದು ಫೈಲು ತಾನಾಗಿ ಹೇಳುವುದಿಲ್ಲ. 2005ರಲ್ಲಿ ಈ ಮಾದರಿಯನ್ನು ದಾಖಲಿಸಿದ ಆರ್‌ಎಫ್‌ಸಿ 4155 ಎಂಬ ದಾಖಲೆ ಕೂಡ ಇದಕ್ಕೊಂದು ಅಧಿಕೃತ ನಿಯಮಾವಳಿ ಇಲ್ಲ ಎಂದೇ ಬರೆದುಕೊಂಡಿದೆ.

ಡೇನಿಯಲ್ ಬರ್ನ್‌ಸ್ಟೀನ್ 1990ರ ದಶಕದಲ್ಲಿ ತಮ್ಮ ಕ್ಯೂಮೇಲ್ ತಂತ್ರಾಂಶಕ್ಕಾಗಿ ರೂಪಿಸಿದ ‘ಮೇಲ್‌ಡಿರ್’ ಈ ಗೋಜನ್ನೇ ಬಿಟ್ಟಿತು. ಅಲ್ಲಿ ಪತ್ರಕ್ಕೊಂದು ಫೈಲು, ಮೂರು ಫೋಲ್ಡರು: ಟಿಎಂಪಿ, ನ್ಯೂ, ಕರ್. ಬಂದ ಪತ್ರವನ್ನು ಮೊದಲು ಟಿಎಂಪಿಯಲ್ಲಿ ಪೂರ್ತಿ ಬರೆದು, ಆಮೇಲಷ್ಟೇ ನ್ಯೂ ಫೋಲ್ಡರಿಗೆ ಸರಿಸುತ್ತಾರೆ. ನಡುವೆ ಕರೆಂಟು ಹೋದರೂ ಅರ್ಧ ಪತ್ರ ಇನ್‌ಬಾಕ್ಸಿಗೆ ಬರುವುದಿಲ್ಲ. ಪುಟ್ಟ ಫೈಲುಗಳು ಲಕ್ಷಗಟ್ಟಲೆ ಆದಾಗ ಬ್ಯಾಕಪ್ ನಿಧಾನವಾಗುವುದು ನಿಜ. ಆದರೂ ದೀರ್ಘಕಾಲ ಕಾಪಾಡಲು ಇದೇ ಮೇಲೆನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಫೈಲು ಕೆಟ್ಟರೆ ಹೋಗುವುದು ಒಂದೇ ಪತ್ರ.

ಒಂದು ಮಾದರಿಯಿಂದ ಇನ್ನೊಂದಕ್ಕೆ ಸಾಗಿಸುವಾಗ ಪತ್ರಗಳ ಎಣಿಕೆ ಸರಿಹೋದ ಮಾತ್ರಕ್ಕೆ ನೆಮ್ಮದಿಪಡಬಾರದು. ತಲುಪಿದ ತಾರೀಖನ್ನು ಎಷ್ಟೋ ಸರ್ವರುಗಳು ಫೈಲಿನ ಸಮಯಮುದ್ರೆಯಿಂದಲೇ ಓದುತ್ತವೆ. ಅಜಾಗರೂಕತೆಯಿಂದ ನಕಲು ಮಾಡಿದರೆ 2003ರ ಪತ್ರವೂ ಇವತ್ತೇ ಬಂದಂತೆ ಕಾಣುತ್ತದೆ. ಇನ್ನು, ಕಳುಹಿಸಿದ ಸರ್ವರು ಹಾಕಿದ ಡಿಕಿಮ್ ಎಂಬ ಡಿಜಿಟಲ್ ಸಹಿ ಪತ್ರದ ಒಡಲನ್ನೂ ಸೇರಿಸಿ ಲೆಕ್ಕ ಹಾಕಿದ್ದು. ನಡುವೆ ಒಂದು ‘>’ ಉಳಿದುಹೋದರೂ ಸಹಿ ತಾಳೆಯಾಗುವುದಿಲ್ಲ.

ಕನ್ನಡದ ಹಳೆಯ ಮೇಲ್‌ಗಳಿಗೆ ಇನ್ನೊಂದು ಸಂಕಟವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ‘ಕ’ ಅಕ್ಷರ ಫೈಲಿನಲ್ಲಿರುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಓರೆಗೆರೆಯಿರುವ ‘ಎ’ ಆಗಿ. ಅದನ್ನು ‘ಕ’ ಎಂದು ತೋರಿಸುತ್ತಿದ್ದದ್ದು ಫಾಂಟು ಮಾತ್ರ. ಒಂದು ಬೈಟೂ ಕೆಡದಂತೆ ಸಾಗಿಸಿದರೂ ಫಾಂಟಿಲ್ಲದ ಕಡೆ ಅದು ಓದಲಾಗದ ಗೀಚು. ‘ಕನ್ನಡ’ ಎಂದು ಹುಡುಕಿದರೆ ಸಿಗುವುದೂ ಇಲ್ಲ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟು. ಹಾಗಾಗಿ ಮೂಲವನ್ನು ಮುಟ್ಟದೆ, ಪಕ್ಕದಲ್ಲಿ ಯೂನಿಕೋಡ್ ಪ್ರತಿ ಇಡುವುದೇ ಸರಿ. ನಾಳೆ ಒಳ್ಳೆಯ ಪರಿವರ್ತಕ ಸಿಕ್ಕರೆ ಮತ್ತೆ ಮೂಲದಿಂದಲೇ ಶುರುಮಾಡಬಹುದು. ಜೊತೆಗೆ ಫಾಂಟಿನ ಹೆಸರನ್ನೂ ಬರೆದಿಡಬೇಕು, ಏಕೆಂದರೆ ನುಡಿಯ ಸಂಕೇತಗಳೇ ಬೇರೆ, ಶ್ರೀಲಿಪಿಯವೇ ಬೇರೆ, ಮತ್ತು ಬರಿಯ ಪಠ್ಯದ ಮೇಲ್ ತನ್ನ ಫಾಂಟು ಯಾವುದೆಂದು ಎಲ್ಲೂ ಹೇಳುವುದಿಲ್ಲ.